ಬ್ರೇಕಿನ ಮೇಲಿನ ಕಾಲು

ಮದುವೆಯಾದ ಮೂರನೆಯ ವರ್ಷ, ಒಂದು ಬೆಳಿಗ್ಗೆ, ನನ್ನ ಗಂಡನ ಜೀವ ನನ್ನ ಬಲಗಾಲಿನ ಅಡಿಯಲ್ಲಿತ್ತು. ಇದು ಮಾತಿನ ಚಂದಕ್ಕೆ ಹೇಳುತ್ತಿರುವುದಲ್ಲ. ಅವರು ಲಾರಿಯ ಅಡಿಗೆ ನುಸುಳಿ ಅಂಗಾತ ಮಲಗಿದ್ದರು. ನಾನು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದಿದ್ದೆ. ಲಾರಿ ನಿಂತದ್ದು ನಮ್ಮ ಅಂಗಳದಿಂದ ಗದ್ದೆಗೆ ಇಳಿಯುವ ಇಳಿಜಾರಿನಲ್ಲಿ. ಇಷ್ಟು ವರ್ಷ ಕಳೆದ ಮೇಲೂ ಬಸ್ಸಿನಲ್ಲಿ ಕೂತಾಗ ನನ್ನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತದೆ. ಪಕ್ಕದಲ್ಲಿ ಕೂತವರು ನನಗೆ ಕಾಲುನೋವು ಎಂದುಕೊಳ್ಳುತ್ತಾರೆ.

ಲಾರಿಯ ವಿಷಯ ಮೊದಲು ಹೇಳಬೇಕು. ಅದು ಯುದ್ಧಕಾಲದ ಮಿಲಿಟರಿ ಲಾರಿ, ಹರಾಜಿನಲ್ಲಿ ಬಂದದ್ದು. ಗಾತ್ರದಲ್ಲಿ ಸಣ್ಣದು, ಸದ್ದಿನಲ್ಲಿ ದೊಡ್ಡದು. ಉಳಿದ ಲಾರಿಗಳಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ನಿನ ಎಳೆತ ಇದ್ದರೆ ಇದಕ್ಕೆ ನಾಲ್ಕು ಚಕ್ರಕ್ಕೂ ಇತ್ತು. ಬೇಕೆಂದಾಗ ಒಂದು ಸಣ್ಣ ಲಿವರ್ ಹಾಕಿದರೆ ಮುಂದಿನ ಚಕ್ರಗಳೂ ಎಳೆಯಲು ನಿಲ್ಲುತ್ತಿದ್ದವು. ಕೊಂಡವರು ನನ್ನ ಗಂಡನ ಸೋದರಮಾವ. ಓಡಿಸುವವರು ನನ್ನ ಗಂಡ. ಮದುವೆಗೆ ಮೊದಲು ಆರೇಳು ವರ್ಷ ಮುಂಬೈಯಲ್ಲಿ ಲಾರಿ ತಿರುಗಿಸಿ ಬಂದವರಾದ್ದರಿಂದ ಮಾವ ಆ ಕಬ್ಬಿಣವನ್ನು ಅವರ ಕೈಗೆ ಕೊಟ್ಟಿದ್ದರು. ಕುಂದಾಪುರದ ಹಂಚಿನ ಕಾರ್ಖಾನೆಗಳಿಂದ ಕೊಲ್ಲೂರಿನ ಕಡೆಗೆ ಹಂಚು ಒಯ್ಯುವುದು ಅದರ ಕೆಲಸ. ಮಳೆಗಾಲದಲ್ಲಿ ಬಸ್ಸು ಹೂತು ನಿಂತ ಕೆಸರಿನಲ್ಲಿ ಇದು ಗುರುಗುಟ್ಟುತ್ತ ದಾಟಿ ಹೋಗುತ್ತಿತ್ತು. ಅಂಥ ದಿನ ನಮ್ಮವರ ಮುಖ ನೋಡಬೇಕಿತ್ತು, ತಾವೇ ಎಳೆದು ದಾಟಿಸಿದ ಹಾಗೆ.

ನಮ್ಮ ಮನೆ ಹಟ್ಟಿಯಂಗಡಿಯಿಂದ ಸ್ವಲ್ಪ ಆಚೆ. ಕೆಲಸ ಮುಗಿಸಿ ಬಂದ ಲಾರಿ, ಗದ್ದೆಯ ಬದಿಯಿಂದ ಏರಿ, ಮನೆಗೆ ಮೂತಿ ಮಾಡಿ ನಿಲ್ಲುತ್ತಿತ್ತು. ಆ ವರ್ಷ ಮಳೆ ಬಿಟ್ಟ ಮೇಲೆ ನಾನು ಅಂಗಳವನ್ನು ಕೆತ್ತಿಸಿ, ಬಡಿಸಿ, ಸೆಗಣಿ ಸಾರಿಸಿ ಕನ್ನಡಿ ಮಾಡಿಟ್ಟಿದ್ದೆ. ಲಾರಿ ಅದರ ಅಂಚಿನಲ್ಲಿ ನಿಂತು ಕಪ್ಪೆಣ್ಣೆ ತೊಟ್ಟಿಕ್ಕಿಸುತ್ತಿತ್ತು. ಮೊದಲು ಅಡಿಗೆ ಒಂದು ತೆಂಗಿನ ಗೆರಟೆ ಇಟ್ಟೆ. ಬೆಳಿಗ್ಗೆ ಆಗುವಾಗ ಗೆರಟೆ ತುಂಬಿ ಹರಿದಿತ್ತು. ಕೋಳಿಗಳು ಅದನ್ನು ತುಳಿದು ಅಂಗಳವಿಡೀ ರಂಗೋಲಿ ಬರೆದವು. ನನ್ನ ತಲೆಗೆ ವಾರಕ್ಕೊಮ್ಮೆ ಎಣ್ಣೆ ಬೀಳುವುದು ಕಷ್ಟವಿದ್ದ ದಿನಗಳವು. ಈ ಲಾರಿ ಮಾತ್ರ ದಿನವೂ ಎಣ್ಣೆ ಕುಡಿದು ದಿನವೂ ಕಕ್ಕುತ್ತಿತ್ತು. ನಾನು ಸುಮ್ಮನಿರುವ ಹೆಂಗಸಲ್ಲ. ಊಟಕ್ಕೆ ಕೂತಾಗ, ಸ್ನಾನಕ್ಕೆ ನೀರು ಕೊಡುವಾಗ, ಹೊರಡುವಾಗ, ಬಂದಾಗ ಇದೇ ಮಾತು ತೆಗೆದೆ.

"ಇದನ್ನ್ ಸರಿ ಮಾಡ್ದೆ ಅಂಗಳಕ್ಕೆ ತಂದ್ರೆ ನಾ ಗದ್ದಿಗೆ ತಳ್ತೆ, ಕಾಣಿ" ಎಂದು ಒಂದು ದಿನ ಹೇಳಿಯೂ ಬಿಟ್ಟೆ. ಆ ಮಾತು ಬಾಯಿಂದ ಹೊರಟದ್ದಕ್ಕೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಸೋರುತ್ತಿದ್ದದ್ದು ಒಂದು ಆಯಿಲ್ ಸೀಲು. ಗೇರಿನ ಪೆಟ್ಟಿಗೆಯ ಹಿಂದಿನಿಂದ ಹಿಂಬದಿಯ ಚಕ್ರಗಳಿಗೆ ಒಂದು ಉದ್ದ ಕಬ್ಬಿಣದ ಶಾಫ್ಟು ಹೋಗುತ್ತದೆ. ಅದು ಹೊರಗೆ ಬರುವ ಕಡೆ ಎಣ್ಣೆ ಚೆಲ್ಲದ ಹಾಗೆ ಚರ್ಮದ ಒಂದು ಬಳೆ ಕೂರಿಸಿರುತ್ತಾರೆ. ಆ ಚರ್ಮ ಸವೆದು ಹೋಗಿತ್ತು. ಅದರ ಬಗಲಲ್ಲೇ ಹ್ಯಾಂಡ್ ಬ್ರೇಕಿನ ಡ್ರಮ್ಮು. ಎಣ್ಣೆಯೆಲ್ಲ ಅದರೊಳಗೆ ಹೋಗಿ ಹ್ಯಾಂಡ್ ಬ್ರೇಕು ಹಿಡಿಯುತ್ತಿರಲಿಲ್ಲ. ಕೊಲ್ಲೂರಿನ ದಾರಿಯ ಏರಿನಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಬೇಕಾಗುತ್ತಿತ್ತು. ಅಂಗಳ ಹಾಳಾಗುತ್ತದೆಂದು ನಾನು ಬೊಬ್ಬೆ ಹೊಡೆಯುತ್ತಿದ್ದೆ. ಅವರಿಗೆ ಚಿಂತೆ ಇದ್ದದ್ದು ಬ್ರೇಕಿನದು. ಅಂತೂ ಮಂಗಳೂರಿನಿಂದ ಹೊಸ ಸೀಲು ಬಂತು. ಅದನ್ನು ಒಂದು ದಿನ ಎಣ್ಣೆಯಲ್ಲಿ ನೆನೆಹಾಕಿಟ್ಟರು. ನಾನು ಅಡುಗೆಮನೆಯ ಬಟ್ಟಲು ಕೊಡಲಿಲ್ಲ, ಗೆರಟೆಯನ್ನೇ ಕೊಟ್ಟೆ.

ಅತ್ತೆ ಆ ದಿನ ನಂಟರ ಮನೆಗೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಗಂಜಿ ಉಂಡು, ಹಳೆಯ ಅಂಗಿ ಹಾಕಿಕೊಂಡು ನಮ್ಮವರು ಶುರುಮಾಡಿದರು. ಹಿಂದಿನ ಎರಡು ಚಕ್ರಗಳ ಹಿಂದೆ ಎರಡು ಕೆಂಪುಕಲ್ಲು ಇಟ್ಟರು. ಹಿಂದಿನ ದಿನವೇ ಪೆಟ್ರೋಲ್ ಹಾಕಿ ಹ್ಯಾಂಡ್ ಬ್ರೇಕಿನ ಎಣ್ಣೆ ತೊಳೆದಿದ್ದರು. ಅದನ್ನು ಎಳೆದು ನಿಲ್ಲಿಸಿ, ಗೇರು ಹಾಕಿ, ಲಾರಿಯನ್ನು ಭುಜ ಕೊಟ್ಟು ದೂಡಿ ನೋಡಿದರು. ಅಲುಗಲಿಲ್ಲ.

"ಈಗ ಕಂಡ್ಯಾ, ಹ್ಯಾಂಗ್ ಹಿಡಿತ್ತ್" ಎಂದರು ನನ್ನನ್ನು ನೋಡಿ. ನಾನು ಹೊಗಳಬೇಕಿತ್ತು. ಹೊಗಳಲಿಲ್ಲ.

ಶಾಫ್ಟನ್ನು ಬಿಚ್ಚದೆ ಸೀಲು ತೆಗೆಯಲು ಬರುವುದಿಲ್ಲ. ಅದಕ್ಕೆ ನಾಲ್ಕು ಬೋಲ್ಟು. ಕೆಳಗಿನ ಎರಡಕ್ಕೆ ಸ್ಪ್ಯಾನರ್ ಎಟುಕಿತು, ಅವು ಬಿಚ್ಚಿದವು. ಮೇಲಿನ ಎರಡಕ್ಕೆ ಎಟುಕಲಿಲ್ಲ. ಶಾಫ್ಟು ಅರ್ಧ ಸುತ್ತು ತಿರುಗಿದರೆ ಮೇಲಿನವು ಕೆಳಗೆ ಬರುತ್ತವೆ. ಶಾಫ್ಟು ತಿರುಗಬೇಕಾದರೆ ಲಾರಿ ಸ್ವಲ್ಪ ಹಿಂದೆ ಉರುಳಬೇಕು. ಆಗ ನನ್ನನ್ನು ಕರೆದರು.

"ಹೆಣೆ, ಇಲ್ಲ್ ಬಾ. ಸೀಟಿಗೆ ಹತ್ತ್."

ನಾನು ಅದುವರೆಗೆ ಆ ಸೀಟಿನಲ್ಲಿ ಕೂತಿರಲಿಲ್ಲ. ಹೆಂಗಸರು ಕೂರುವ ಜಾಗ ಆಚೆ ಬದಿಯದು. ಸೀರೆ ಎತ್ತಿಕಟ್ಟಿಕೊಂಡು ಹತ್ತಿದೆ. ಯಾವುದು ಬ್ರೇಕು ಎಂದು ತೋರಿಸಿ, ಕಲ್ಲು ತೆಗೆದು, ಹ್ಯಾಂಡ್ ಬ್ರೇಕ್ ಬಿಟ್ಟು, ಗೇರು ತಪ್ಪಿಸಿದರು. ನನ್ನ ಕಾಲು ಚೂರು ಸಡಿಲಿಸಲು ಹೇಳಿದರು. ಲಾರಿ ಒಂದು ಗೇಣು ಹಿಂದೆ ಜಾರಿತು. "ಒತ್ತ್" ಎಂದರು, ಒತ್ತಿದೆ. ನಿಂತಿತು. ಅಷ್ಟು ದೊಡ್ಡ ಕಬ್ಬಿಣ ನನ್ನ ಕಾಲಿನ ಮಾತು ಕೇಳಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಮತ್ತೆ ಹ್ಯಾಂಡ್ ಬ್ರೇಕ್ ಎಳೆದರು, ಗೇರು ಹಾಕಿದರು. ಕಲ್ಲುಗಳು ಈಗ ಚಕ್ರದಿಂದ ದೂರ, ಬದಿಯಲ್ಲಿ ಬಿದ್ದಿದ್ದವು.

"ಕಲ್ಲ್ ಇಡ್ಕಲೆ" ಎಂದೆ.

"ಎರಡ್ ಬೋಲ್ಟಲ್ದಾ, ಈಗ ಬಿಚ್ಚಿ ಆಯ್ತ್. ನೀ ಕಾಲ್ ತೆಗಿಬ್ಯಾಡ. ಸುಮ್ನೆ ಧೈರ್ಯಕ್ಕೆ."

ಹೀಗೆಂದು ಒಳಗೆ ನುಸುಳಿದರು. ತಲೆ ಲಾರಿಯ ಮುಂಭಾಗಕ್ಕೆ, ಕಾಲು ಗದ್ದೆಯ ಕಡೆಗೆ. ನನಗೆ ಕಾಣುತ್ತಿದ್ದದ್ದು ಮನೆಯ ಜಗಲಿ, ಬಾವಿಕಟ್ಟೆ, ಬೇಲಿಯಲ್ಲಿ ಜನ ದಾಟಿ ಬರುವ ತಡಮೆ. ಕೆಳಗಿನಿಂದ ಕಬ್ಬಿಣ ತಾಗುವ ಸದ್ದು, ನಡುನಡುವೆ ಮುಂಬೈಯಲ್ಲಿ ಕಲಿತ ಒಂದೊಂದು ಬೈಗುಳ. ಬೋಲ್ಟು ತುಕ್ಕು ಹಿಡಿದಿತ್ತು. ಈಗ ಆಯಿತು ಎಂದದ್ದು ಆಗಲೇ ಇಲ್ಲ. ಒಂದು ಬಿಚ್ಚುವಷ್ಟರಲ್ಲಿ ಬಿಸಿಲು ಬಾವಿಕಟ್ಟೆಯವರೆಗೆ ಬಂತು. ಕಾಲು ಜೋಮು ಹಿಡಿಯಿತು.

ಆಗ ತಡಮೆಯ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಸೋದರಮಾವ. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ.

ಈಗಿನವರಿಗೆ ಇದು ಹೇಗೆ ಅರ್ಥವಾದೀತೋ ಗೊತ್ತಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಸೋದರಮಾವನೆಂದರೆ ಮನೆಯ ಯಜಮಾನ. ನಮ್ಮವರು ಬೆಳೆದದ್ದು ಅವರ ಮನೆಯಲ್ಲಿ, ಉಂಡದ್ದು ಅವರ ಅನ್ನ. ಅವರ ಎದುರು ನನ್ನ ಅತ್ತೆಯೇ ಕೂರುತ್ತಿರಲಿಲ್ಲ. ನಾನಾದರೋ, ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಅವರ ತಲೆಗಿಂತ ಎತ್ತರದಲ್ಲಿ, ಅವರದೇ ಲಾರಿಯ ಡ್ರೈವರ್ ಸೀಟಿನಲ್ಲಿ ಕೂತಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ತಡಮೆ ದಾಟಿ ಅವರು ಅಂಗಳಕ್ಕೆ ಕಾಲಿಟ್ಟರು. ಬಂದವರಿಗೆ ಕಾಲಿಗೆ ನೀರು ಕೊಡಬೇಕು, ಕುಡಿಯಲು ಬೆಲ್ಲ ನೀರು ಕೊಡಬೇಕು. ಮನೆಯಲ್ಲಿ ನಾನಲ್ಲದೆ ಬೇರೆ ಹೆಂಗಸಿಲ್ಲ.

ನಾನು ಯೋಚಿಸಲೇ ಇಲ್ಲ ಎಂದರೆ ತಪ್ಪಾದೀತು. ಯೋಚಿಸಿದೆ. ಹ್ಯಾಂಡ್ ಬ್ರೇಕನ್ನು ಎರಡು ಕೈಯಲ್ಲಿ ಹಿಡಿದು ಇನ್ನೊಂದು ಹಲ್ಲು ಮೇಲೆಳೆದೆ. ಮೆಲ್ಲಗೆ ಕಾಲು ಸಡಿಲಿಸಿದೆ. ಲಾರಿ ಅಲುಗಲಿಲ್ಲ. ಪೂರ್ತಿ ತೆಗೆದೆ. ಆಗಲೂ ಅಲುಗಲಿಲ್ಲ. ಸುಮ್ಮನೆ ಧೈರ್ಯಕ್ಕೆ ಅಂದದ್ದಲ್ಲವೇ ಎಂದುಕೊಂಡೆ. ಕೆಳಗೆ ಮಲಗಿದವರಿಗೆ ಒಂದು ಮಾತು ಹೇಳಲಿಲ್ಲ. ಮಾವನ ಎದುರು ಗಂಡನನ್ನು ಕೂಗಿ ಮಾತಾಡಿಸುವುದು ಹೇಗೆ? ಸೀರೆ ಇಳಿಸಿ, ಸೆರಗು ಸರಿಮಾಡಿಕೊಂಡು ಇಳಿದುಬಿಟ್ಟೆ.

ಕಾಲಿಗೆ ನೀರು ಕೊಟ್ಟೆ. ಅವರು ಜಗಲಿಯಲ್ಲಿ ಕೂತರು. ಒಳಗೆ ಹೋಗಿ ಬೆಲ್ಲ ಒಡೆದೆ, ತಟ್ಟೆಗೆ ಹಾಕಿದೆ, ಚೊಂಬಿನಲ್ಲಿ ನೀರು ತಂದೆ. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿದೀತು? ಅಷ್ಟು ಹೊತ್ತೂ ಲಾರಿ ಸಾಧುವಿನ ಹಾಗೆ ನಿಂತಿತ್ತು.

"ಅವ ಎಲ್ಲಿ?" ಎಂದು ಮಾವ ಕೇಳಿದರು.

"ಲಾರಿ ಅಡಿಯಂಗ್ ಇದ್ರ್" ಎಂದೆ.

ಅವರು ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ಚೊಂಬಿಗೆ ಕೈ ಚಾಚಿದರು. ಆಗ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು ಕೇಳಿತು. ತಿರುಗಿ ನೋಡಿದೆ. ಲಾರಿ ಹೋಗುತ್ತಿತ್ತು.

ಎಂಜಿನ್ನಿನ ಸದ್ದಿಲ್ಲದೆ ಲಾರಿ ಹೋಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೂರದಲ್ಲಿದ್ದಾಗಲೇ ಊರಿಗೆಲ್ಲ ಕೇಳಿಸುವ ಲಾರಿ ಅದು. ಆ ದಿನ ಬೆಕ್ಕಿನ ಹಾಗೆ ಹಿಂದೆ ಹಿಂದೆ ಸರಿಯಿತು. ಮೊದಲು ನಿಧಾನ, ಆಮೇಲೆ ಬೇಗ. ಡ್ರೈವರ್ ಸೀಟು ಖಾಲಿ. ನಾನು ಕೂಗಲಿಲ್ಲ. ಓಡಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಚೊಂಬು ಚೆಲ್ಲಬಾರದು ಎಂಬುದು. ಅದನ್ನು ಎರಡು ಕೈಯಲ್ಲಿ ಗಟ್ಟಿ ಹಿಡಿದು ನಿಂತಿದ್ದೆ. ಇದನ್ನು ನೆನೆದರೆ ನನಗೆ ನನ್ನ ಮೇಲೆ ಈಗಲೂ ಸಿಟ್ಟು ಬರುತ್ತದೆ. ಗಂಡನ ಮೈಮೇಲೆ ಲಾರಿ ಹಾಯುತ್ತಿರುವಾಗ ನಾನು ನೀರು ಕಾಯುತ್ತಿದ್ದೆ.

ಲಾರಿ ಗದ್ದೆಯ ಅಂಚು ಹಾರಿ, ಕೊಯ್ಲು ಮುಗಿದ ಗದ್ದೆಯ ಕೆಸರಿಗೆ ಬಿದ್ದು, ಓರೆಯಾಗಿ ನಿಂತಿತು. ಅದು ಮೊದಲಿದ್ದ ಜಾಗದಲ್ಲಿ ಈಗ ನಮ್ಮವರು ಮಲಗಿದ್ದರು. ಅಂಗಾತ, ಬಿಸಿಲಿಗೆ ಮುಖಮಾಡಿ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡು. ಮುಖ ಪೂರ್ತಿ ಕಪ್ಪೆಣ್ಣೆ. ಕಣ್ಣು ತೆರೆದಿತ್ತು. ರೆಪ್ಪೆ ಬಡಿಯಲಿಲ್ಲ. ಅಂಗಿ ಎದೆಯಿಂದ ಕೆಳಗೆ ಹರಿದು ಎರಡಾಗಿತ್ತು.

ಸತ್ತರು ಎಂದುಕೊಂಡೆ. ಅನುಮಾನವೇ ಇರಲಿಲ್ಲ. ನಾನು ಕೊಂದೆ ಎಂದೂ ಅದೇ ಉಸಿರಿನಲ್ಲಿ ಅಂದುಕೊಂಡೆ.

ಮಾವ ನನಗಿಂತ ಮೊದಲು ಓಡಿದರು. ಆ ವಯಸ್ಸಿನಲ್ಲಿ, ಆ ಪಂಚೆಯಲ್ಲಿ ಹೇಗೆ ಓಡಿದರೋ. ಎಣ್ಣೆಯ ಮೇಲೇ ಮಂಡಿಯೂರಿ ಅವರ ಗಲ್ಲ ತಟ್ಟಿದರು. ಆಗ ನಮ್ಮವರ ಕಣ್ಣು ಅಲುಗಿತು. ಮಾವನ ಮುಖವನ್ನು ನೋಡಿ, ಎಲ್ಲ ನಂಟರನ್ನೂ ಕೇಳುವ ಹಾಗೆ ಕೇಳಿದರು:

"ಯಾವಾಗ ಬಂದ್ರಿ, ಮಾವ?"

ಮಾವ ಬಾಯಲ್ಲಿದ್ದ ಬೆಲ್ಲವನ್ನು ಅಲ್ಲೇ ಉಗಿದು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅಳುವೂ ಬರಲಿಲ್ಲ. ಆಗ ಚೊಂಬು ನನ್ನ ಕೈಯಿಂದ ಬಿತ್ತು.

ಲಾರಿಯ ಮುಂದಿನ ಅಚ್ಚಿನಲ್ಲಿ ಮಡಕೆಯಂಥ ದೊಡ್ಡ ಗುಂಡು ಒಂದಿದೆ. ಅದು ನಟ್ಟನಡುವೆ ಇಲ್ಲದೆ ಒಂದು ಬದಿಗೆ ಇದ್ದದ್ದೇ ಅವರನ್ನು ಉಳಿಸಿದ್ದು. ಅಚ್ಚಿನ ಸಪೂರದ ಭಾಗ ಅವರ ಮೂಗಿನ ಮೇಲಿಂದ ಹಾದು ಹೋಗಿತ್ತು. ಬಿಚ್ಚಿ ಬಿದ್ದ ಶಾಫ್ಟಿನ ತುದಿ ಎದೆಯಿಂದ ಮೊಣಕಾಲಿನವರೆಗೆ ಉಳುತ್ತ ಹೋಗಿತ್ತು. ಆ ಗಾಯ ಮಾಗಲು ಹದಿನೈದು ದಿನ ಬೇಕಾಯಿತು. ಮುಂಬೈಯಲ್ಲಿ ತಿಂದು ತಿಂದು ಹೊಟ್ಟೆ ಬಂದಿದ್ದರೆ ಅವರು ಈ ಕತೆಯಲ್ಲಿ ಇಲ್ಲಿಗೇ ಮುಗಿಯುತ್ತಿದ್ದರು.

ಯಾಕೆ ಹೀಗಾಯಿತು ಎನ್ನುವುದು ಅವರಿಗೆ ಸಂಜೆಯೊಳಗೆ ಹೊಳೆಯಿತು. ಚಾಪೆಯಲ್ಲಿ ಮಲಗಿದ್ದವರು ಏಕಾಏಕಿ ಹಣೆ ಚಚ್ಚಿಕೊಂಡರು. ಆ ಲಾರಿಯ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಶಾಫ್ಟನ್ನು. ಗೇರು ಹಿಡಿಯುವುದೂ ಶಾಫ್ಟನ್ನೇ. ಶಾಫ್ಟನ್ನೇ ಬಿಚ್ಚಿದ ಮೇಲೆ ಎರಡೂ ಇದ್ದೂ ಇಲ್ಲದ ಹಾಗೆ. ಕೊನೆಯ ಬೋಲ್ಟು ಇರುವವರೆಗೆ ಲಾರಿ ನಿಂತಿತ್ತು, ಅದು ಬಿಚ್ಚಿದ ಕ್ಷಣ ಹೊರಟಿತು. ಮುಂದಿನ ಚಕ್ರಗಳ ಸಣ್ಣ ಲಿವರ್ ಒಂದನ್ನು ಹಾಕಿಟ್ಟಿದ್ದರೂ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಲಾರಿಯನ್ನು ಹಿಡಿಯುತ್ತಿತ್ತು. ನಾಲ್ಕು ಚಕ್ರದ ಎಳೆತ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರಿಗೆ ಆ ದಿನ ಅದು ನೆನಪಾಗಲಿಲ್ಲ. ಕಟ್ಟಕಡೆಗೆ ಲಾರಿಯನ್ನು ಹಿಡಿಯುವಂಥದ್ದು ಅಲ್ಲಿ ಒಂದೇ ಇತ್ತು. ಅದು ನನ್ನ ಕಾಲು.

ಇದನ್ನು ಅವರು ವಿವರಿಸುತ್ತಿದ್ದಾಗ ನಾನು ಗಾಯಕ್ಕೆ ತೆಂಗಿನೆಣ್ಣೆ ಹಚ್ಚುತ್ತಿದ್ದೆ. ನೀನು ಯಾಕೆ ಇಳಿದೆ ಎಂದು ಈಗ ಕೇಳುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಮಾವನೂ ಹೇಳಲಿಲ್ಲ. ನಾನು ಸೀಟಿನಿಂದ ಇಳಿದು ಬಂದು ನೀರು ಕೊಟ್ಟದ್ದು ಮಾವನಿಗೆ ಗೊತ್ತಿಲ್ಲದ್ದೇನಲ್ಲ. ಊರವರು ಬಂದು ಕೇಳಿದಾಗಲೂ ಮಾವ, "ಹಳೆ ಲಾರಿ, ಬ್ರೇಕಿಗೆ ಎಣ್ಣೆ ಹೋಯಿತ್ತ್" ಎಂದಷ್ಟೇ ಹೇಳಿ ಮಾತು ಮುಗಿಸಿದರು. ಊರವರೆಲ್ಲ ಲಾರಿಯನ್ನು ಬೈದು ಹೋದರು. ಅವರು ಬೈದಷ್ಟೂ ನನಗೆ ಒಳಗೆ ಉರಿಯಿತು. ಅನ್ನ ಸೇರಲಿಲ್ಲ. ಯಾರಾದರೂ ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ಜೋಡಿ ಕೋಣ ಕಟ್ಟಿ ಲಾರಿಯನ್ನು ಕೆಸರಿನಿಂದ ಎಳೆಸಿದರು. ಗಾಯ ಒಣಗಿದ ಮೇಲೆ ನಮ್ಮವರು ಮತ್ತೆ ಅದೇ ಕೆಲಸಕ್ಕೆ ಕೂತರು. ಈ ಸಲ ಅಂಗಳದ ನಡುವಿನ ಸಮತಟ್ಟಾದ ಗಟ್ಟಿ ನೆಲ. ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಎಂಟು ಕಲ್ಲು. ಬ್ರೇಕ್ ಒತ್ತುವ ಅಗತ್ಯವೇ ಇರಲಿಲ್ಲ. ಆದರೂ ನಾನು ಹತ್ತಿ ಕೂತೆ. "ಬ್ಯಾಡ ಮಾರಾಯ್ತಿ" ಎಂದರು. ಕೇಳಲಿಲ್ಲ.

ಕೆಲಸ ಸುಲಭವಾಗಿಸಲು ಸೀಟಿನ ಬಳಿಯ ತಗಡನ್ನು ಬಿಚ್ಚಿಟ್ಟಿದ್ದರು. ಆ ತೂತಿನಿಂದ ಕೆಳಗೆ ಅವರ ಕೈ ಮಾತ್ರ ಕಾಣುತ್ತಿತ್ತು. ಹಳೆಯ ಸೀಲು ಚೂರುಚೂರಾಗಿ ಹೊರಗೆ ಬಂತು. ಹೊಸದನ್ನು ಇಟ್ಟು, ಒನಕೆಯ ತುಂಡನ್ನು ಅದರ ಮೇಲಿಟ್ಟು, ಸುತ್ತಲೂ ಸಮನಾಗಿ ಮೆಲ್ಲಗೆ ಬಡಿಯುತ್ತಿದ್ದರು. ಅಷ್ಟರಲ್ಲಿ ತಡಮೆಯ ಆಚೆಯಿಂದಲೇ ದನಿ ಬಂತು. ಮಾವ ಇನ್ನೂ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

"ಹ್ವಾಯ್, ಹೆಣೆ, ಏಳ್ಬ್ಯಾಡ. ಕೂಕೊ. ನೀರ್ ನಾನೇ ಸೇದ್ಕಂತೆ."

ಅವರು ಬಾವಿಯಿಂದ ನೀರು ಸೇದಿ ಕಾಲು ತೊಳೆದು ಜಗಲಿಯ ಮೇಲೆ ಕೂತರು. ನಮ್ಮ ಕಡೆ ನೋಡಲೂ ಇಲ್ಲ. ಅಲ್ಲಿಂದ ಮುಂದೆ ಬದುಕಿರುವವರೆಗೂ ಆ ಮನುಷ್ಯ ನಮ್ಮ ತಡಮೆಯನ್ನು ಹಾಗೆ ಕೂಗದೆ ದಾಟಲಿಲ್ಲ. ನಾನು ಅಕ್ಕಿ ಕೇರುತ್ತಿದ್ದರೂ ಸರಿ, ಮಗುವಿಗೆ ಉಣ್ಣಿಸುತ್ತಿದ್ದರೂ ಸರಿ. ಅತ್ತೆಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು. ವಯಸ್ಸಾಯಿತು ಎನ್ನುತ್ತಿದ್ದರು.

ಆ ದಿನ ಅವರ ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ತೂತಿನ ಕಡೆ ಬಗ್ಗಿ, ಜಗಲಿಗೆ ಕೇಳದ ಹಾಗೆ ಹೇಳಿದೆ:

"ಕೇಂತಾ? ಅವತ್ತ್ ನಾ ಕಾಲ್ ತೆಗ್ದಿದ್ದೆ. ಮಾವ ಬಂದ್ರ್ ಅಂದೇಳಿ ಇಳ್ದಿದ್ದೆ. ನಿಮಗ್ ಹೇಳ್ಲಿಲ್ಲೆ."

ಬಡಿಯುವ ಸದ್ದು ನಿಂತಿತು.

"ಗೊತ್ತಿತ್ತ್" ಎಂದರು ಕೆಳಗಿನಿಂದ. "ನಿನ್ ಕಾಲ್ ನೆಲಕ್ಕ್ ಇಳ್ದದ್ದ್ ಕಂಡಿದ್ದೆ. ಮಾವನ ಕಾಲೂ ಕಂಡಿದ್ದೆ. ನಂಗೂ ಎದ್ದ್ ಬಪ್ಪುಕಿತ್ತಲ್ದಾ. ಬೇಗ ಬಿಚ್ಚಿ ಬಪ್ಪ ಅಂದ್ಕಂಡ್ ಜೋರ್ ತಿರ್ಗಿಸ್ದೆ."

ಲಾರಿ ಉರುಳಿದಾಗ ಆದ ಭಯ ಇದರ ಮುಂದೆ ಏನೂ ಅಲ್ಲ. ನನ್ನ ಕಾಲು ಬ್ರೇಕಿನ ಮೇಲೆ ಇಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ, ಮಾವನ ಎದುರಿಗೆ ಬೇಗ ಎದ್ದು ಬರಬೇಕೆಂದು ಬಿಚ್ಚಿದರು.

"ಇಳಿಬ್ಯಾಡ ಅಂದೇಳಿ ಒಂದ್ ಮಾತ್ ಕೂಗುಕಾತಿಲ್ಯಾ?" ಎಂದೆ. ಸಿಟ್ಟಿನಿಂದ ನನ್ನ ದನಿ ಒಡೆಯಿತು.

ಅವರು ಮತ್ತೆ ಒನಕೆಯ ತುಂಡನ್ನು ಸರಿಯಾಗಿ ಇಟ್ಟುಕೊಂಡರು.

"ಮಾವ ನಿಂತಿಪ್ಪತಿಗೆ ನಿನ್ನ ಕೂಕಂಡಿರ್ ಅಂದೇಳಿ ಹ್ಯಾಂಗ್ ಹೇಳೂದ್?" ಎಂದು ಬಡಿಯತೊಡಗಿದರು.

ಮಾವ ನಿಂತಿರುವಾಗ ನನ್ನನ್ನು ಕೂತಿರು ಎನ್ನಲು ಅವರಿಗೂ ಬಾಯಿ ಬಂದಿರಲಿಲ್ಲ. ಜಗಲಿಯಲ್ಲಿ ಮಾವ ಕೊಡೆಯನ್ನು ಗೋಡೆಗೆ ಒರಗಿಸಿ ಬೇರೆಲ್ಲೋ ನೋಡುತ್ತ ಕೂತಿದ್ದರು. ಸೀಲು ಪೂರ್ತಿ ಕೂತು, ಶಾಫ್ಟು ಸೇರಿ, ನಾಲ್ಕು ಬೋಲ್ಟೂ ಬಿಗಿದು, ಅವರು ಹೊರಗೆ ಬಂದು ಎದ್ದು ನಿಲ್ಲುವವರೆಗೆ ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.